ಒಡ್ಡು ತುಳಿದ ಹಿಂಡು

ಡೋಣಿ ಹೊಳೆಯ ಸೇತುವೆಯ ಮೇಲೆ ಆಳೆತ್ತರ ನೀರು ಹರಿಯುತ್ತಿತ್ತು. ಸಿಂದಗಿಗೆ ಹೊರಟಿದ್ದ ನಮ್ಮ ಬಸ್ಸು ತಾಳಿಕೋಟೆಯಲ್ಲೇ ನಿಂತುಬಿಟ್ಟಿತು. ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ನೀರು ಯಾವಾಗ ಇಳಿಯುತ್ತದೆ ಎಂದು ಕೇಳಿದ್ದಕ್ಕೆ ಕಂಡಕ್ಟರ್, ಹೊಳೆ ತಮ್ಮ ಡಿಪೋಗೆ ಸೇರಿದ್ದಲ್ಲ ಎಂದು ಹೇಳಿ ಸೀಟಿನ ಮೇಲೆ ಕಾಲು ಚಾಚಿ ಮಲಗಿದ. ನಾವು ಹತ್ತು ಹನ್ನೆರಡು ಮಂದಿ ಜೈನುದ್ದೀನನ ಚಹಾದಂಗಡಿಯ ತಗಡಿನ ಕೆಳಗೆ ಸೇರಿಕೊಂಡೆವು. ಮಧ್ಯಾಹ್ನವೇ ಕಂದೀಲು ಹಚ್ಚುವಷ್ಟು ಮೋಡ. ಹೊತ್ತು ಕಳೆಯಲೆಂದು ನಾನೊಂದು ದೆವ್ವದ ಕತೆ ಶುರು ಮಾಡಿದೆ. ಅದರಲ್ಲಿ ದೆವ್ವ ನನ್ನ ಹತ್ತಿರ ಬೀಡಿಗೆ ಬೆಂಕಿ ಕೇಳುವ ಹೊತ್ತಿಗೆ, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕ ಕೆಮ್ಮಿದ. ತಾಂಬಾ ಊರಿನವನು, ಕುರಿ ಕಾಯುವ ಅಮೋಘಸಿದ್ಧ.

"ದೆವ್ವ ಬೀಡಿ ಸೇದೂದಿಲ್ಲ ತಮ್ಮಾ," ಅಂದ. "ಅದಕ್ಕ ಪುರಸತ್ತು ಇರೂದಿಲ್ಲ. ಕೆಲಸ ಇರತೈತಿ."

"ಏನ್ ಕೆಲಸ ಮುತ್ಯಾ, ಪಂಚಾಯ್ತಿಯೊಳಗೇನು?" ಜೈನುದ್ದೀನ ಕೇಳಿದ.

"ಒಡ್ಡು ತುಳಿಯೂ ಕೆಲಸ. ಕೇಳ್ರಿ... ಐದು ವರ್ಷದ ಹಿಂದ, ನಾನೂ ನಮ್ಮ ಸ್ವಾದರಮಾವ ಸೋಮನಿಂಗನೂ ನಾಕನೂರು ಕುರಿ ಹೊಡಕೊಂಡು, ಕೃಷ್ಣಾ ದಾಟಿ, ತುಂಗಭದ್ರಾ ದಾಟಿ, ಕಬ್ಬಿಣದ ಗುಡ್ಡದ ತನಕ ಮೇಯಿಸಕೋಂತ ಹೋಗಿದ್ವಿ. ಅಲ್ಲೆ ಒಂದು ಕಂಪನಿ ಗುಡ್ಡ ಕಡದು ಅದಿರು ತೊಳಿಯಾಕತ್ತಿತ್ತು. ತೊಳದ ಮ್ಯಾಲ ಉಳಿತೈತಲ್ಲ ಕೆಂಪು ರಾಡಿ, ಕುಂಕುಮ ಕಲಸಿದಂಗ... ಅದನ್ನ ಎಲ್ಲಿ ಇಡೂದು? ಎರಡು ಗುಡ್ಡದ ನಡುವ ಮಣ್ಣಿನ ಒಡ್ಡು ಕಟ್ಟಿ ಅದರ ಹಿಂದ ನಿಂದರಸತಿದ್ರು. ರಾಡಿ ಏರಿದಂಗ ಒಡ್ಡೂ ಏರಸಬೇಕು. ಒಂದು ಗೇಣು ಮಣ್ಣು ಹಾಕೂದು, ರೋಲರ್ ಹೊಡಿಯೂದು, ಮತ್ತೊಂದು ಗೇಣು ಹಾಕೂದು. ಆ ರೋಲರ್ ಒಂದಿನ ಜಾರಿ ರಾಡಿಯೊಳಗ ಬಿತ್ತು. ಈಗೂ ಅಲ್ಲೇ ಐತಿ, ಮ್ಯಾಲ ಬರೂ ವಿಚಾರ ಇದ್ದಂಗಿಲ್ಲ.

"ಆಗ ಅಲ್ಲಿ ಮೇಸ್ತ್ರಿ ಮೋದಿನಸಾಬ ನಮ್ಮ ಹಿಂಡು ನೋಡಿದ. ನಾಕನೂರು ಕುರಿ, ಒಂದಕ್ಕ ನಾಕು ಕಾಲು. ಡೀಸೆಲ್ ಬ್ಯಾಡ, ಡ್ರೈವರ್ ಬ್ಯಾಡ. ಮುಂಜಾನಿಯಿಂದ ಸಂಜಿ ಮಟ ಒಡ್ಡಿನ ಮ್ಯಾಲ ಅಡ್ಡಾಡಸ್ರಿ, ದಿನಾ ಜ್ವಾಳ ಕೊಡತೇವಿ ಅಂದ. ನಗಬ್ಯಾಡ್ರಿ... ಕುರಿ ಗೊರಸು ಸಣ್ಣದು, ಮಣ್ಣು ಆಳಕ ಕುಂಡ್ರತೈತಿ. ಇಂಜಿನಿಯರ್ ಸಾಹೇಬ್ರು ಸರಳು ಚುಚ್ಚಿ ನೋಡಿ ಭೇಷ್ ಅಂದ್ರು. ಮುಂಜಾನಿ ಹಾಜರಿ ಕೂಗೂವಾಗ ನಮ್ಮ ಟಗರಿನ ಹೆಸರೂ ಕೂಗತಿದ್ರು, ಅದು ಬ್ಯಾ ಅನ್ನತಿತ್ತು."

"ರಜಾ ಅರ್ಜೀನೂ ಕೊಡತಿತ್ತೇನು?" ಮುದ್ದೇಬಿಹಾಳದ ಗುರಲಿಂಗಪ್ಪ ಮಾಸ್ತರರು ಕೇಳಿದರು.

"ಇಲ್ರಿ ಮಾಸ್ತರ, ಅದು ನಿಮ್ಮಂಗಲ್ಲ. ದಿನಾ ಬರತಿತ್ತು."

ನಗು ಇಳಿದ ಮೇಲೆ ಮುದುಕ ಕಂಬಳಿ ಎಳೆದುಕೊಂಡು ಮುಂದುವರಿಸಿದ.

"ಈಗ ತಪ್ಪಿನ ಮಾತು ಬಂತು... ನಮ್ಮದೊಂದು ರೂಢಿ ಐತಿ. ಯಾರ ಜ್ವಾಳ ಉಂತೇವೋ ಅವರ ಹೊಲದಾಗ ಹಿಂಡು ಮಲಗಸತೇವಿ. ಬೆಳಗ ಆಗೂದ್ರಾಗ ಹೊಲದ ತುಂಬ ಹಿಕ್ಕಿ ಬಿದ್ದಿರತೈತಿ. ರೈತಗ ಗೊಬ್ಬರ, ನಮಗ ಉಂಡದ್ದು ಅರಗಿದಂಗ. ಕಂಪನಿಗೆ ಹೊಲ ಎಲ್ಲೈತಿ? ಒಡ್ಡೇ ಹೊಲ. ಮಾವ ದಿನಾ ಹಿಂಡನ್ನ ಒಡ್ಡಿನ ಮ್ಯಾಲೇ ಮಲಗಿಸಿದ. ಬಿಟ್ಟಿ ಉಣ್ಣಬಾರದು ಅನ್ನೂ ಮನಶ್ಯಾ. ಮುಂಜಾನಿ ಆ ಹಿಕ್ಕಿ ಮ್ಯಾಲೇ ಹೊಸಾ ಮಣ್ಣು ಬೀಳತಿತ್ತು. ಹಿಂಗ ಮೂರು ತಿಂಗಳು... ಒಂದು ಪದರ ಮಣ್ಣು, ಒಂದು ಪದರ ಗೊಬ್ಬರ. ಒಡ್ಡಿನ ಮ್ಯಾಲ ಹುಲ್ಲು ಬಂತು, ಹಸರಾತು, ಎಲ್ಲಾರೂ ಖುಷಿ ಆದ್ರು. ಜ್ವಾಳ ಬಿತ್ತಾಕ ಅದರಂಥ ಒಡ್ಡು ಇಲ್ರಿ. ನೀರು ನಿಂದರಸಾಕ...? ಹಿಕ್ಕಿ ಕೊಳತಿತು, ಕೊಳತಲ್ಲೆ ಪೊಳ್ಳಾತು, ಪೊಳ್ಳಾದಲ್ಲೆ ನೀರು ದಾರಿ ಹುಡಕಿತು.

"ಮಳಿ ಹತ್ತಿದ ಮೂರನೇ ದಿನ ಒಡ್ಡಿನ ಬುಡದಾಗ ಬೆರಳು ದಪ್ಪ ನೀರು ಬಂತು. ಮೊದಲು ತಿಳಿ ಇತ್ತು, ಆಮ್ಯಾಲ ಕೆಂಪಾತು. ಮಾವ ಕೈ ಒಡ್ಡಿದ, ಅಂಗೈಯಾಗ ಹಿಕ್ಕಿ ಬಂತು. ಅದನ್ನ ನೋಡಕೋಂತ ಕುಂತ. 'ಇದು ನಾ ಮಾಡಿದ್ದು' ಅಂದ, ಅಷ್ಟ.

"ಒಡ್ಡಿನ ಕೆಳಗ ನಲವತ್ತು ಗುಡಸಲ. ಎಲ್ಲಾ ನಮ್ಮ ಕಡೀ ಮಂದಿನ, ಸಿಂದಗಿ, ಬಾಗೇವಾಡಿ ಕಡಿಂದ ದುಡಿಯಾಕ ಬಂದವರು. ಗುಡ್ಡ ಹತ್ರಿ ಅಂತ ನಾ ಹೋಗಿ ಹೇಳಿದೆ. ಯಾರು ಕೇಳತಾರ? ಸಾತವ್ವ ಅಂತ ಒಬ್ಬಾಕಿ, ರೊಟ್ಟಿ ಬಡಕೋಂತ, 'ಸಾಹೇಬ್ರು ಹೇಳಲಿ, ಹೋಗತೇವಿ. ಕುರಿ ಕಾಯಾವನ ಮಾತು ಕೇಳಿ ಒಲಿ ಆರಸಲೇನು?' ಅಂದಳು. ಸಾಹೇಬ್ರ ಕಡೆ ಹೋದೆ. ಹಿಕ್ಕಿಗೆ ಒಡ್ಡು ಒಡಿತೈತಿ ಅಂದ್ರ ಅವರು ನಕ್ಕರು, ಈಗ ನೀವು ನಕ್ಕಂಗನ.

"ಹೊಳ್ಳಿ ಬಂದ್ರ ಮಾವ ಹಿಂಡನ್ನ ಒಡ್ಡು ಹತ್ತಿಸ್ಯಾನ. ಸೋರೂ ಜಾಗಾದ ಮ್ಯಾಲ, ಮಳಿಯಾಗ, ಸುತ್ತು ಹಾಕಸಾಕತ್ತಾನ... ತುಳದು ತುಳದು ಒಳಗಿನ ಪೊಳ್ಳು ಮುಚ್ಚತೇನಿ ಅಂತ. ನನಗ ಅಂದ, 'ಮಂದಿ ಮಾತಿಗೆ ಬರೂದಿಲ್ಲಲೇ, ಕುರಿಗಿ ಬರತಾರ. ಇಪ್ಪತ್ತು ಕುರಿ ಗುಡ್ಡಕ್ಕ ಹೊಡಿ.' ತಿಳೀತು ನನಗ. ಗುಡಸಲದ ನಡುವ ಹಾಯಿಸಿ ಇಪ್ಪತ್ತು ಕುರಿ ಓಡಿಸಿಕೊಂಡು, ಹಿಂಡು ಚದರೇತ್ರೋ, ಹಿಡದವರಿಗೆ ಹಿಡದ ಕುರಿ, ಅಂತ ಒದರಿದೆ. ಯಪ್ಪಾ... ಮುದುಕಿ ಎದ್ದಳು, ಬಾಣಂತಿ ಕೂಸು ಕಟಗೊಂಡು ಎದ್ದಳು, ಜ್ವರ ಬಂದು ಮಲಗಿದಾಂವ ಎಲ್ಲಾರಕಿಂತ ಮುಂದ ಓಡಿದ. ಸಾತವ್ವ ಹಿಟ್ಟಿನ ಕೈಲೇ ಕುರಿ ಕಾಲು ಹಿಡದು ಅರ್ಧ ಗುಡ್ಡದಾಗ ನಿಂತಿದ್ದಳು... ಆಗ ಕೆಳಗ ಒಡ್ಡು ಸಪ್ಪಳ ಇಲ್ಲದ ಕುಂತಬಿಡ್ತು. ದಣದ ಎಮ್ಮಿ ಕುಂಡ್ರತೈತಲ್ಲ, ಹಂಗ. ನಲವತ್ತೂ ಗುಡಸಲ ಹೋದವು, ಅವರೊಳಗ ಒಬ್ರೂ ಹೋಗಲಿಲ್ಲ. ಮಾವ ಹೋದ. ಹಿಂಡು ಹೋತು. ಅವನ ಕಂಬಳಿ ಸೈತ ಸಿಗಲಿಲ್ಲ. ಉಳದ ಇಪ್ಪತ್ತು ಕುರಿ ನಾ ಮಂದಿ ಕೈಯಿಂದ ಹೊಳ್ಳಿ ಕಸಗೊಂಡೆ. ನನಗರ ಮತ್ತೇನಿತ್ತು?"

ಜೈನುದ್ದೀನ ಸದ್ದು ಬೇಡವೆಂದು ಸ್ಟೋವಿನ ಗಾಳಿ ಇಳಿಸಿದ.

"ಕಂಪನಿ ಅಲ್ಲೇ ಹೊಸಾ ಒಡ್ಡು ಕಟ್ಟಿತು, ಹೊಸಾ ರೋಲರ್ ತಂತು. ಕೆಳಗ ಮತ್ತ ಗುಡಸಲ. ಸಪಾಟ ಜಾಗಾ ಅದೊಂದ ಐತಿ, ಮಂದಿ ಎಲ್ಲಿರಬೇಕು? ನಾ ಇಪ್ಪತ್ತೂ ಕುರಿ ಮಾರಿದೆ, ನನ್ನನ್ನ ಒಡ್ಡಿನ ಕಾವಲಿಗೆ ಇಟಗೊಂಡ್ರು. ಮೊದಲ ಮಳಿ ಬಂದ ಮರುದಿನ ಮುಂಜಾನಿ ನೋಡತೇನಿ... ಒಡ್ಡಿನ ಮ್ಯಾಲ ಈ ತುದಿಯಿಂದ ಆ ತುದಿ ಮಟ ಕುರಿ ಹೆಜ್ಜಿ. ಸುತ್ತ ಹತ್ತು ಮೈಲಿನಾಗ ಒಂದು ಕುರಿ ಇಲ್ಲ. ಹಿಂದ ಒಂದು ಜೋಡಿ ಬರಿಗಾಲು, ಬಾಜೂಕ ಕೋಲು ಊರಿದ ತೂತು. ಹಿಕ್ಕಿ...? ಒಂದೂ ಇಲ್ಲ. ಶಾಣ್ಯಾ ಆಗ್ಯಾನ ಮಾವ. ಆವತ್ತಿಂದ ಪ್ರತಿ ಮಳಿಗಾಲ ತುಳಿತಾನ. ನಾ ಹೆದರಲಿಲ್ಲ ನೋಡ್ರಿ. ಹೆದರೂದು ಯಾಕ? ಮಾಡಿದ ತಪ್ಪು ತಿದ್ದಾಕ ಸತ್ತ ಮ್ಯಾಲರ ಯಾಳೆ ಸಿಗತೈತಿ ಅಂದ್ರ ಅದು ಸಣ್ಣ ಮಾತೇನು? ಬದಕಿರೂ ನಾವು ಎಷ್ಟು ತಿದ್ದೇವಿ?"

"ಮತ್ತ ಕಾವಲು ಬಿಟ್ಟು ಈಗ ಎಲ್ಲಿಗೆ ಹೊಂಟಿ ಮುತ್ಯಾ?" ಮಾಸ್ತರರ ದನಿ ಸಣ್ಣದಾಗಿತ್ತು.

"ಸಿಂದಗಿಗ್ರಿ. ಗುಡಸಲದ ಮಂದಿಯ ಅಪ್ಪ ಅವ್ವ ಅಲ್ಲೇ ಅದಾರ. ಅವರು ಬಂದು ಹೇಳಿದ್ರರ ಗುಡಸಲ ಬಿಟ್ಟಾರು. ನನ್ನ ಮಾತು ಕೇಳೂದಿಲ್ಲ. ಕುರಿ ಕೊಡತೇನಿ ಅಂದು ಕೊಡದಾಂವ ನಾನು... ಮೊನ್ನಿ ಮುಂಜಾನಿ ಒಡ್ಡಿನ ಮ್ಯಾಲ ಹೆಜ್ಜಿ ಇರಲಿಲ್ಲ. ಕೆಳಗ ಇದ್ದವು, ಗುಡಸಲದ ನಡುವ. ಒಡ್ಡು ಇನ್ನ ತುಳದ್ರೂ ನಿಂದರೂದಿಲ್ಲಂತ ಮಾವ ಹಿಂಡು ಹೊಡಕೊಂಡು ಗುಡ್ಡ ಹತ್ಯಾನ. ಅದರ ಹಿಂದ ಮಂದಿ ಹೆಜ್ಜಿ... ಗಂಡಸರವು, ಹೆಂಗಸರವು, ಅಂಬೆಗಾಲಿಡೂ ಕೂಸಿನ ಅಂಗೈ ಸೈತ. ಒಂದೊಂದು ಬಾಗಲದಿಂದ ಹೊಂಟು ಎಲ್ಲಾ ಗುಡ್ಡದ ಕಡೆ, ಹೊಳ್ಳಿ ಬಂದದ್ದು ಒಂದೂ ಇಲ್ಲ. ನನಗ ಖುಷಿ ಆತ್ರಿ, ಅಂತೂ ಹ್ವಾದರಲ್ಲ ಅಂತ. ಖಾಲಿ ಗುಡಸಲ ನೋಡೂಣಂತ ಹಣಿಕಿ ಹಾಕಿದೆ..."

ಅವನು ಲೋಟ ಕೆಳಗಿಟ್ಟ.

"ಎಲ್ಲಾರೂ ಒಳಗ ಕುಂತು ಚಾ ಕುಡಿಯಾಕತ್ತಿದ್ರು."