ತೆರೆಯಲು ಒಪ್ಪಿದ ಜಾಗ

ಅಧ್ಯಕ್ಷತೆ ವಹಿಸಿರುವ ನಮ್ಮೂರ ಮೇಯರ್ ಫಾಸ್ತೊ ಅವರೇ, ಪೂಜ್ಯ ಪಾದ್ರಿಗಳೇ, ಉತ್ಖನನ ನಡೆಸಿದ ಡಾಕ್ಟರ್ ಓರ್ನೆಲ್ಲಾ ಅವರೇ, ಈ ಚಳಿಯಲ್ಲೂ ಒಬ್ಬರೂ ತಪ್ಪಿಸಿಕೊಳ್ಳದೆ ಬಂದಿರುವ ಸಭಿಕರೇ,

ನನ್ನ ಆಲಿವ್ ತೋಟದಡಿ ರೋಮನ್ನರ ಕಾಲದ ಸಾಹುಕಾರನೊಬ್ಬನ ಬಂಗಲೆ ಸಿಕ್ಕಿತೆಂದು ನನಗೆ ಸನ್ಮಾನವಂತೆ. ನಾನು ಮಾಡಿದ್ದಾದರೂ ಏನು? ನಮ್ಮತ್ತೆ ಇದ್ದಷ್ಟು ಕಾಲ, "ನಿಮ್ಮಪ್ಪ ಕೊಟ್ಟಿದ್ದು ಬರೀ ಕಲ್ಲು ಕಣೇ, ನನ್ನ ಮಗನ ನೇಗಿಲೆಲ್ಲ ಮುರಿದು ತಿಂತು" ಎಂದು ಹಂಗಿಸಿದರು. ಆ ಕಲ್ಲು ಈಗ ಊರಿನ ಕಿರೀಟವೆಂದು ಮೇಯರ್ ಈಗಷ್ಟೇ ಹೇಳಿದರು. ಅತ್ತೆ ಕೇಳಬೇಕಿತ್ತು.

ಆ ಬಂಗಲೆಯ ನೆಲದ ಮೇಲೆ ಬಣ್ಣದ ಹರಳು ಜೋಡಿಸಿ ಮಾಡಿದ ಬಾತುಕೋಳಿಯೊಂದಿದೆ. ಒಂದು ಕಾಲು ಸೊಟ್ಟ. ಬೇಸಿಗೆಯಿಡೀ ಅದನ್ನು ಸ್ಪಂಜಿನಿಂದ ಒರೆಸಿದವಳು ನಾನು. ನಗಬೇಡಿ, ಅದರ ಜೊತೆ ಮಾತೂ ಆಡಿದ್ದೇನೆ. ನನ್ನ ಗಂಡ ಎಲಿಯೊ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರಿದ್ದಾರೆ? ಇರಲಿ, ಅದೆಲ್ಲ ಈಗೇಕೆ.

ವಾಚ್ ನೋಡಬೇಡ ಫಾಸ್ತೊ. ನಾನೂ ನೋಡುತ್ತಿದ್ದೇನೆ.

"ನಿಮ್ಮ ಜಾಗ ತೆರೀಬಹುದೇನಮ್ಮಾ" ಎಂದು ಓರ್ನೆಲ್ಲಾ ಕೇಳಿದ್ದಳು. "ತೆರೀರಿ, ಚಳಿಗೆ ಮುಂಚೆ ಮುಚ್ಬಿಡಿ" ಎಂದೆ. "ಮುಚ್ಚಲೇಬೇಕು. ನೆಲ ಒಂದ್ಸಲ ಹೆಪ್ಪುಗಟ್ಟಿದ್ರೆ ಹರಳೆಲ್ಲ ಕಿತ್ಕೊಂಡು ಬರುತ್ತೆ. ಬಟ್ಟೆ ಹಾಸಿ ಮರಳು ಸುರಿದ್ರೇನೇ ಉಳಿಯೋದು" ಎಂದಳು.

ನೋಡಿ, ಅಗೆಯುವವರ ಬಾಯಲ್ಲಿ ತೆರೆಯುವುದೆಂದರೆ ಅಗೆಯುವುದು. ಮೇಯರ್ ಬಾಯಲ್ಲಿ ತೆರೆಯುವುದೆಂದರೆ ರಿಬ್ಬನ್ ಕತ್ತರಿಸುವುದು! ಮೊನ್ನೆ ನನ್ನ ಅಡುಗೆಮನೆಯಲ್ಲಿ, ನನ್ನದೇ ಕಾಫಿ ಕುಡಿಯುತ್ತಾ, "ಅಕ್ಕಾ, ತೆರೆಯೋಕೆ ಒಪ್ಪಿದ್ದು ನೀನೇ ಅಲ್ವಾ? ಚುನಾವಣೆವರೆಗೂ ಹಾಗೇ ಇರ್ಲಿ, ಜನ ಬಂದು ನೋಡ್ಲಿ" ಎಂದ. "ಹಾಗಾದ್ರೆ ಮೇಲೊಂದು ಸೂರು ಹಾಕ್ಸು." "ಬರೋ ವರ್ಷ ನೋಡೋಣ." ಬರುವ ವರ್ಷ ಏನಪ್ಪಾ ನೋಡುತ್ತೀ, ಜಲ್ಲಿಕಲ್ಲನ್ನೇ? ಇವತ್ತು ರಾತ್ರಿಯೇ ನೆಲ ಹೆಪ್ಪುಗಟ್ಟುತ್ತದೆಂದು ರೇಡಿಯೊ ಹೇಳಿದೆ.

ನನಗೆ ಸನ್ಮಾನ ಬೇಡವೆಂದು ಎರಡು ಸಲ ಹೇಳಿದವಳು ಮೂರನೆಯ ಸಲ ಏಕೆ ಒಪ್ಪಿದೆ? ಮೇಯರ್, ಪೊಲೀಸಪ್ಪ, ತೋಟದ ಕಾವಲಿನವನು, ಎಲ್ಲರೂ ಒಂದೇ ಕಡೆ ಕೂರುವುದು ಇಂಥ ಸಭೆಯಲ್ಲೇ ಅಲ್ಲವೇ? ಕೂತೇ ಇರಿ, ಈಗ ಓಡಿ ಪ್ರಯೋಜನವಿಲ್ಲ. ನನ್ನ ಮೈದುನ ನಜ್ಜರೇನೊ ಇಷ್ಟು ಹೊತ್ತಿಗೆ ಕೊನೆಯ ಟ್ರ್ಯಾಕ್ಟರ್ ಮರಳನ್ನೂ ಸುರಿದಿರುತ್ತಾನೆ. ಓರ್ನೆಲ್ಲಾ, ಅಳಬೇಡಮ್ಮಾ, ಮೊದಲು ಬಟ್ಟೆ ಹಾಸಲು ಹೇಳಿದ್ದೇನೆ.

ಮುಚ್ಚುವ ಮುಂಚೆ ಆ ಬಾತುಕೋಳಿಯನ್ನೊಮ್ಮೆ ಕಣ್ತುಂಬ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ನಿಮ್ಮನ್ನು ಇಲ್ಲಿ ಕೂರಿಸಿಕೊಳ್ಳುವವರು ಬೇಕಿತ್ತಲ್ಲ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.