ಬರಿ ಬೇರೆಯಾದರೂ

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಜಲಜಾಕ್ಷಿಯ ಪಕ್ಕದಲ್ಲೇ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಗಿಡ್ಡ ಕೈಕಾಲಿನ, ಇಕ್ಕಟ್ಟು ಎದೆಯ ಕೂಸು ಏದುಸಿರು ಬಿಡುತ್ತಿತ್ತು.

"ಡಾಕ್ಟರ್ ಎಂತ ಹೇಳಿದ್ರು?" ಅತ್ತೆ ಕೇಳಿದ್ದು ಜಲಜಾಕ್ಷಿಯ ಕಿವಿಗೂ ಬಿತ್ತು.

"ಜೀವಕೋಶಕ್ಕೆ ಕೂದಲಿನ ಹಾಗೆ ಸಣ್ಣ ಎಳೆ ಉಂಟಂತೆ, ಮಾಮಿ. ಎಲುಬು ಹೇಗೆ ಬೆಳೀಬೇಕೂಂತ ಸೂಚನೆ ಹೋಗುವುದು ಅದರಿಂದ. ಇವನಿಗೆ ಅದೇ ಸರಿಯಿಲ್ಲ. ದೋಷ ನಮ್ಮಿಬ್ಬರಿಂದಲೂ ಬಂದದ್ದಂತೆ."

"ತಾಯಿ ಕಡೆಯ ಗೋತ್ರ, ಬರಿ, ಬೇರೆ ಅಂತ ನೋಡಿಯೇ ಮದುವೆ ಮಾಡಿದ್ದಲ್ವಾ? ನಿನ್ನ ಬರಿ ನಿನ್ನ ತಾಯಿಯದ್ದು, ನನ್ನ ಮಗನದ್ದು ನನ್ನದು."

"ಬರಿ ಬೇರೆಯಾದ್ರೂ ನೀವು ನನ್ನ ಅಪ್ಪನ ತಂಗಿ ಅಲ್ವಾ? ನನಗೂ ನಿಮ್ಮ ಮಗನಿಗೂ ಅಜ್ಜ ಅಜ್ಜಿ ಒಂದೇ."

ಅತ್ತೆ ಕೂಸಿನ ಹೊದಿಕೆ ಸರಿಮಾಡಿದರು.

"ನಿಮ್ಮ ಸಣ್ಣ ಮಗನಿಗೆ ನನ್ನ ತಂಗಿ ಬೇಡ, ಮಾಮಿ."

ಬೆಳ್ತಂಗಡಿ ಬಸ್ಸು ಬಂತು. ಅತ್ತೆ ಕೂಸನ್ನು ಎತ್ತಿಕೊಂಡು ಎದ್ದರು.

"ಅವರಿಬ್ಬರ ನಿಶ್ಚಯಕ್ಕೆ ವೀಳ್ಯ ಬದಲಾಯಿಸಿ ಆಗಿದೆ, ಮಗಾ. ಹತ್ತು."