ಆರಜೂನ ನಂಬರು

ಹಲೋ... ಹಾಂ, ಯಾರು ಮಾತಾಡೂದ್ರಿ?

...

ಹಾಂ ಹಾಂ, ವಿಜಯಪುರ ಕಾಲೇಜಿಂದ. ಹೇಳ್ರಿ ಮೇಡಂ. ನಾನು ಸೋಮನಿಂಗಪ್ಪ, ಗಣಿತದ ಸರ್. ಪ್ರಾಚಾರ್ಯರು ರಜಾದ ಮ್ಯಾಲ ಅದಾರ, ಸದ್ಯ ಸಹಿ, ಸಿಕ್ಕಾ ಎಲ್ಲಾ ನಂದ.

...

ಆರಜೂ? ಹಾಂ, ನಮ್ಮ ಹುಡುಗೀನ. ಸನಮಡಿ ಊರಾಕಿ. ಗಾದಿ ಹೊಲಿಯೂ ಶೌಕತನ ಮಗಳು. ಅಡ್ಮಿಷನ್ನಿಗೆ ಅಪ್ಪಾ ಮಗಳು ನಸಿಕಿನ್ಯಾಗ ಬಸ್ಸು ಹತ್ಯಾರ. ನಿಮ್ಮ ಮುಂದ ಕುಂತಾಳಲ್ಲ?... ಅಪ್ಪನ್ನ ಹೊರಗ ಕಳಿಸೀರಿ? ಯಾಕ್ರಿ?

...

ಹೂಂ, ಆ ನಂಬರಿನ ದಾಖಲಾ, ಸರ್ಟಿಫಿಕೇಟು, ನಾನ ಕೊಟ್ಟಿದ್ದು. ಅಕ್ಷರ ನಂದ. ಹನ್ನೆರಡನೇ ಸಾಯನ್ಸ್, ಮೂವತ್ತೆಂಟು ಮಂದ್ಯಾಗ ಮೊದಲ ನಂಬರು.

...

ನೂರಕ್ಕ ಅರವತ್ತೊಂಬತ್ತು ಟಕ್ಕೆ, ಖರೆ. ಕಮ್ಮಿ ಅನಸ್ತೈತಿ. ಆದ್ರ ಆಕಿ ಗಣಿತ ತಗೊಂಡಾಳ್ರಿ ಮೇಡಂ. ಉಳದವ್ರೆಲ್ಲಾ ಗಣಿತ ಬಿಟ್ಟು ಭೂಗೋಳ ತಗೊಂಡ್ರು, ಗಡಿ ಈಚೆ ನಮ್ಮ ಬೋರ್ಡಿನ್ಯಾಗ ಸಾಯನ್ಸಿಗೂ ಅದು ನಡೀತೈತಿ. ಭೂಗೋಳದಾಗ ಮಾರ್ಕು ಧಾರಾಳ ಬೀಳ್ತಾವ. ಎರಡೂ ಒಂದ ತಕ್ಕಡ್ಯಾಗ ತೂಗಿದ್ರ ಹೆಂಗ, ಹೌದಲ್ರಿ?

...

ಅವರ ಟಕ್ಕೆ... ಹೆಚ್ಚಿರಬಹುದು. ಒಬ್ಬಿಬ್ಬರದು. ಅದರ ಲೆಕ್ಕಾನ ಬ್ಯಾರೆ.

...

ಗಣಿತಕ್ಕ ಎಷ್ಟ ಮಂದಿ ಅಂದ್ರ... ಒಬ್ಬಾಕೀನ.

...

ಯಾಕ ಮತ್ತ ಮತ್ತ ಅದನ್ನ ಕೇಳ್ತೀರಿ? ಮೊದಲ ನಂಬರು ಅಂದ್ರ ಮೊದಲ ನಂಬರು. ಬರಕೊಳ್ರಿ.

...

ಹಾಂ? ಬರಕೊಳ್ಳಾಕತ್ತಾರ? ಯಾರು?... ಸ್ಪೀಕರ್ ಮ್ಯಾಲ ಐತಿ? ಎಷ್ಟೊತ್ತಿನಿಂದ? ಆಕೀನೂ ಕೇಳಾಕತ್ತಾಳ?

...

ಅರ್ಜ್ಯಾಗ ಆಕಿ ಏನಂತ ಬರದಾಳ?... ಒಂಬತ್ತು? ತನ್ನ ಕೈಲೇ ಬರದಾಳ?

...

ಇಲ್ರಿ, ಆಕಿ ಬರದದ್ದ ಖರೆ. ಒಂಬತ್ತನೇ ನಂಬರು. ದಾಖಲಾ ಸುಳ್ಳು, ಸುಳ್ಳ ಬರದಾಂವ ನಾನು. ಲಕೋಟಿ ಅಂಟಿಸಿ ಕೊಟ್ಟಿದ್ದೆ, ಆಕಿ ಒಡದ ನೋಡಿಲ್ಲ.

...

ಯಾಕಂದ್ರ... ಗಣಿತ ತಗೋ ಅಂತ ಗಂಟುಬಿದ್ದಾಂವ ನಾನ ಮೇಡಂ. ಒಬ್ಬರೂ ತಗೊಳ್ಳದಿದ್ರ ನನ್ನ ವರ್ಗ ಬಂದ್ ಆಗ್ತಿತ್ತು, ನೌಕರಿ ಹೋಗ್ತಿತ್ತು. ಸನಮಡಿಗೆ ಹೋಗಿ ಶೌಕತನ್ನ ಒಪ್ಪಿಸಿ ಬಂದೆ. ಭೂಗೋಳ ತಗೊಂಡಿದ್ರ ಆಕೀನ ಮೊದಲ ಬರ್ತಿದ್ಲು. ಎರಡು ವರ್ಷ ಆ ಖಾಲಿ ವರ್ಗದಾಗ ಒಬ್ಬಾಕೀನ ಕುಂತಿರ್ತಿದ್ಲು, ಮುಂದಿನ ಬೆಂಚಿನ ಮ್ಯಾಲ. ನೋಡಿ ನೋಡಿ ನನಗ ನಾಚಿಕಿ ಬಂದಿತ್ರಿ.

...

ಏನಂದ್ರಿ?... ಗಣಿತದಾವ್ರಿಗೆ ನೀವು ಮ್ಯಾಲ ಮಾರ್ಕು ಕೂಡಸ್ತೀರಿ? ಒಂಬತ್ತನೇ ನಂಬರಿಗೂ ಸೀಟು... ಸಿಗ್ತಿತ್ತು?

...

ಸಿಗ್ತಿತ್ತು ಅಂತ ಯಾಕಂತೀರಿ, ಸಿಗ್ತೈತಿ ಅನ್ರಿ.

...

ಸುಳ್ಳ ದಾಖಲಾ ಇದ್ರ ಅರ್ಜೀನ ರದ್ದು? ನಾನ ಬರ್ತೀನ್ರಿ, ಈಗ ಹೊಂಡ್ತೀನಿ, ಬರದ ಕೊಡ್ತೀನಿ... ಅಡ್ಮಿಷನ್ ಎಷ್ಟೊತ್ತಿಗೆ ಮುಗಸ್ತೀರಿ? ಅರ್ಧಾ ತಾಸಿನ್ಯಾಗ ನಾ ಹೆಂಗ ಬರ್ಲಿ?... ಹಿಂದ ಯಾರ ಹೆಸರ ಕೂಗಾಕತ್ತಾರ? ಮುಂದಿನವರದ?

...

ಆಕೀ ಕೈಯಾಗ ಒಮ್ಮೆ ಫೋನ್ ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ಮಿನಿಟು.

...

ಆರಜೂ? ಮಾತಾಡವಾ... ನಾನು, ಸರ್.

...

ನೀನ ಹೇಳಿದಿ? ನನಗ ಫೋನ್ ಹಚ್ಚಂತ?

...

ಸರ್ ಸುಳ್ಳ ಹೇಳೂದಿಲ್ಲ, ಅವರನ್ನ ಕೇಳ್ರಿ ಅಂತ... ಆರಜೂ. ಆರಜೂ, ಇಡಬ್ಯಾಡವಾ, ನಾ ಏನ... ಹಲೋ? ಹಲೋ...